ಪ್ಲಾಸ್ಟಿಕ್ ಮಾಡೆಲ್‌ಗೆ ಯಾವ ಪುಟ್ಟಿ? ಮೈಸೂರು–ಮಂಡ್ಯದಲ್ಲಿ ಕೈಗೆ ಸಿಗುವವುಗಳ ವಿಮರ್ಶೆ

ವಿಮಾನ, ಟ್ಯಾಂಕುಗಳ ಪುಟ್ಟ ಮಾದರಿಯನ್ನು ಕಿಟ್ಟಿನ ಪ್ಲಾಸ್ಟಿಕ್ ತುಂಡುಗಳಿಂದ ಜೋಡಿಸುವಾಗ ನಡುವೆ ಉಳಿಯುವ ಸಂದಿ ತುಂಬಲು ಪುಟ್ಟಿ ಬೇಕು. ಪೇಂಟ್ ಅಂಗಡಿಯಲ್ಲಿ ಬರೀ ‘ಪುಟ್ಟಿ ಕೊಡಿ’ ಅಂದರೆ, ಅದು ಮೈಸೂರಾಗಲಿ ಮಂಡ್ಯವಾಗಲಿ, ಕೌಂಟರ್ ಮೇಲೆ ಬಂದು ಕೂರುವುದು ಗೋಡೆಗೆ ಬಳಿಯುವ ಬಿಳಿ ಪುಡಿಯ ಪ್ಯಾಕೆಟ್ಟು. ಬಿಳಿ ಸಿಮೆಂಟಿನ ಆ ಪುಡಿ ಗಾರೆಗೆ ಹೇಳಿ ಮಾಡಿಸಿದ್ದು. ಪ್ಲಾಸ್ಟಿಕ್ ಮೇಲೆ ಅದಕ್ಕೆ ಹಿಡಿತವೇ ಇಲ್ಲ. ಒಣಗಿದ ಮೇಲೆ ಉಗುರು ತಾಕಿಸಿದರೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಆದ್ದರಿಂದ ಕೇಳುವಾಗಲೇ ‘ಗಾಡಿಗೆ ಹಾಕೋ ಎನ್‌ಸಿ ಪುಟ್ಟಿ’ ಎಂದೋ ‘ಹಾರ್ಡನರ್ ಜೊತೆ ಬರೋ ಬಾಡಿ ಪುಟ್ಟಿ’ ಎಂದೋ ಬಿಡಿಸಿ ಹೇಳಬೇಕು (ಎನ್‌ಸಿ ಎಂದರೆ ನೈಟ್ರೊಸೆಲ್ಯುಲೋಸ್; ಹಾರ್ಡನರ್ ಎಂದರೆ ಬೆರೆಸಿದಾಗ ಪುಟ್ಟಿಯನ್ನು ಗಟ್ಟಿ ಮಾಡುವ ಪದಾರ್ಥ). ಮಾಡೆಲ್ ಕಟ್ಟುವವರಿಗೆಂದೇ ತಯಾರಾದ ತಮಿಯಾ, ಮಿಸ್ಟರ್ ಹಾಬಿ, ವಲೆಹೊ, ಮಿಲಿಪುಟ್ ಬೇಕಿದ್ದರೆ ಬಹುಮಟ್ಟಿಗೆ ಆನ್‌ಲೈನ್ ತರಿಸುವುದೇ ದಾರಿ. ಈ ಎರಡು ಗುಂಪಿನವನ್ನೂ ಪಕ್ಕಪಕ್ಕದಲ್ಲಿಟ್ಟು, ಯಾವ ಸಂದಿಗೆ ಯಾವುದು ಒಪ್ಪುತ್ತದೆ, ಯಾವುದು ಎಲ್ಲಿ ಕೈಕೊಡುತ್ತದೆ ಎನ್ನುವುದನ್ನು ಇಲ್ಲಿ ಬರೆದಿದೆ.

ಬ್ರ್ಯಾಂಡ್ ನೋಡುವುದಕ್ಕೆ ಮೊದಲು ತಿಳಿದಿರಬೇಕಾದ್ದು ಒಂದಿದೆ. ಕೆಲವು ಪುಟ್ಟಿ ಒಣಗುತ್ತವೆ, ಕೆಲವು ಸೆಟ್ ಆಗುತ್ತವೆ. ಒಣಗುವುದೆಂದರೆ ಒಳಗಿನ ಥಿನ್ನರೋ ನೀರೋ ಹಾರಿಹೋಗುವುದು. ಹಾರಿಹೋದಷ್ಟು ಪ್ರಮಾಣಕ್ಕೆ ಪುಟ್ಟಿ ಕುಗ್ಗಲೇಬೇಕು, ಅದನ್ನು ಯಾವ ಕಂಪನಿಯೂ ತಪ್ಪಿಸಲಾರದು. ಸೆಟ್ ಆಗುವುದೆಂದರೆ ಪದಾರ್ಥ ರಾಸಾಯನಿಕವಾಗಿ ಕಟ್ಟಿಕೊಳ್ಳುವುದು. ಅಲ್ಲಿ ಹೊರಗೆ ಹೋಗುವುದು ಹೆಚ್ಚೇನೂ ಇಲ್ಲ, ಹಾಗಾಗಿ ಕುಗ್ಗುವುದೂ ತೀರಾ ಕಡಿಮೆ. ತಮಿಯಾ ಬೂದು ಟ್ಯೂಬು, ಮಿಸ್ಟರ್ ಹಾಬಿಯ ಮಿಸ್ಟರ್ ಸರ್ಫೇಸರ್, ವಲೆಹೊ, ಎನ್‌ಸಿ ಪುಟ್ಟಿ, ಕರಗಿಸಿದ ಸ್ಪ್ರೂ (ಕಿಟ್ಟಿನ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಇವೆಲ್ಲ ಒಣಗುವ ಜಾತಿ. ಮಿಲಿಪುಟ್, ಎಂ-ಸೀಲ್, ಹಾರ್ಡನರ್ ಬಾಡಿ ಪುಟ್ಟಿ, ಫೆವಿಕ್ವಿಕ್ ಸೆಟ್ ಆಗುವ ಜಾತಿ. ಬಣ್ಣ ಹೊಡೆದು ಒಂದು ವಾರ ಕಳೆದ ಮೇಲೆ ಕೂಡುಗೆರೆ ಮತ್ತೆ ತಲೆ ಎತ್ತಿತು ಎನ್ನುವ ದೂರಿನಲ್ಲಿ ಹೆಚ್ಚಿನ ಪಾಲು, ಒಣಗುವ ಪುಟ್ಟಿಯನ್ನು ದಪ್ಪಗೆ ತುಂಬಿ ಅವಸರ ಮಾಡಿದ್ದರ ಫಲ.

ಪುಟ್ಟಿಗೆ ಮುಂಚೆ

ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹೂವಿನ ಎಸಳಾಗಲಿ ಆನೆಯ ಸೊಂಡಿಲಾಗಲಿ, ತುಂಡು ಕುಳಿಯಲ್ಲಿ ಒಪ್ಪವಾಗಿ ಕೂರುವಂತೆ ಮಾಡುವುದಕ್ಕೇ ಕೈ ಹೆಚ್ಚು ಸವೆಯುತ್ತದೆ. ತುಂಬುವ ಕೆಲಸ ಏನಿದ್ದರೂ ಉಳಿದ ಕೂದಲೆಳೆಯಷ್ಟು ಜಾಗಕ್ಕೆ. ಪ್ಲಾಸ್ಟಿಕ್‌ಗೂ ಇದೇ ಕ್ರಮ ಸರಿ. 1/72 ಅಳತೆಯಲ್ಲಿ 1 ಮಿ.ಮೀ. ಸಂದಿ ಎಂದರೆ ನಿಜವಾದ ವಿಮಾನದ ಮೈಯಲ್ಲಿ 7.2 ಸೆಂ.ಮೀ. ಬಾಯ್ತೆರೆದ ಹಾಗೆ. ಅಷ್ಟನ್ನೂ ಪುಟ್ಟಿಯಿಂದಲೇ ಮುಚ್ಚಲು ಹೊರಟರೆ ಸುತ್ತಲಿನ ಪ್ಯಾನೆಲ್ ಗೆರೆ (ಮೈಯ ತಗಡುಗಳು ಕೂಡುವ ಗೆರೆ), ರಿವೆಟ್ಟುಗಳೆಲ್ಲ ಉಪ್ಪುಕಾಗದಕ್ಕೆ ಬಲಿಯಾಗುತ್ತವೆ.

ಅಂಟು ಹಾಕದೆ ಒಮ್ಮೆ ಜೋಡಿಸಿ, ಬೆಳಕಿಗೆ ಎದುರು ಹಿಡಿದು ನೋಡಿ. ಎರಡು ಭಾಗ ಕೂಡದಿರುವುದಕ್ಕೆ ಬಹಳ ಸಲ ಕಾರಣ ಒಳಗಿರುತ್ತದೆ: ಸ್ಪ್ರೂ ಕತ್ತರಿಸಿದಲ್ಲಿ ಉಳಿದ ಮೊನೆ, ಅಚ್ಚಿನ ಪಿನ್ ಬಿಟ್ಟ ಉಬ್ಬು, ಇಲ್ಲವೇ ದಪ್ಪವಾದ ಕಾಕ್‌ಪಿಟ್ ತಟ್ಟೆ. ಅದನ್ನು ಬ್ಲೇಡಿನಿಂದ ಕೆರೆದರೆ ಅರ್ಧ ಸಂದಿ ತಾನೇ ಮುಚ್ಚುತ್ತದೆ. ರೆಕ್ಕೆಯ ಬುಡದಲ್ಲಿ ಮೇಲ್ಗಡೆ ಸಂದಿ ಬಿಟ್ಟಿದ್ದರೆ, ಒಂದು ರೆಕ್ಕೆಯ ತುದಿಯಿಂದ ಬೆನ್ನಿನ ಮೇಲೆ ಹಾದು ಇನ್ನೊಂದರ ತುದಿಗೆ ಮಾಸ್ಕಿಂಗ್ ಟೇಪ್ ಎಳೆದು ಬಿಗಿದು, ಹಾಗೆಯೇ ಸಂದಿಗೆ ತೆಳು ಸಿಮೆಂಟ್ (ಗೋಡೆಯದಲ್ಲ, ಪ್ಲಾಸ್ಟಿಕ್ ಕರಗಿಸಿ ಬೆಸೆಯುವ ಮಾಡೆಲ್ ಅಂಟು) ಹರಿಸಿ ರಾತ್ರಿಯಿಡೀ ಬಿಡಬೇಕು. ರೆಕ್ಕೆ ತುಸು ಮೇಲೆದ್ದು ಬುಡ ಮುಚ್ಚಿಕೊಳ್ಳುತ್ತದೆ. ಆದರೆ ಕಿಟ್ಟಿನ ಚಿತ್ರದಲ್ಲಿರುವ ಕೋನ ಮೀರದ ಹಾಗೆ ನೋಡಿಕೊಳ್ಳಬೇಕು. ನ್ಯಾಟ್‌ನಂಥ ವಿಮಾನದ ರೆಕ್ಕೆ ಕೆಳಮುಖವಾಗಿ ಇಳಿದಿರುತ್ತದೆ, ಅಲ್ಲಿ ಈ ಉಪಾಯವನ್ನು ಬಹಳ ಹಿಡಿತದಲ್ಲಿ ಮಾಡಬೇಕು. ಅದಕ್ಕೂ ಬಗ್ಗದ ಸಂದಿಗೆ 0.25 ಮಿ.ಮೀ. ಪ್ಲಾಸ್ಟಿಕ್ ಹಾಳೆಯ ಪಟ್ಟಿ ತುರುಕಿ, ಸಿಮೆಂಟ್ ಹರಿಸಿ, ಒಣಗಿದ ಮೇಲೆ ಹೆಚ್ಚಿಗೆ ಬಂದದ್ದನ್ನು ಬ್ಲೇಡಿನಲ್ಲಿ ಸವರಿ ತೆಗೆಯಿರಿ.

ಉದ್ದನೆಯ ನೇರ ಕೂಡುಗೆರೆಗೆ, ಅಂದರೆ ವಿಮಾನದ ಬೆನ್ನು, ಬಾಂಬಿನ ಹೊಟ್ಟೆ, ರೈಲ್ವೆ ಮ್ಯೂಸಿಯಂ ನೋಡಿ ಬಂದು ಕಟ್ಟುವ ಉಗಿ ಎಂಜಿನ್ನಿನ ಬಾಯ್ಲರ್, ಇವಕ್ಕೆ ಪುಟ್ಟಿಯೇ ಬೇಡ. ಎರಡೂ ಅಂಚಿಗೆ ಧಾರಾಳವಾಗಿ ಸಿಮೆಂಟ್ ಹಚ್ಚಿ, ಕೆಲವು ಸೆಕೆಂಡು ಬಿಟ್ಟು, ಒತ್ತಿ ಹಿಡಿದರೆ ಕರಗಿದ ಪ್ಲಾಸ್ಟಿಕ್ ದಾರದಂತೆ ಉಕ್ಕಿ ಬರುತ್ತದೆ. ಅದನ್ನು ಒರೆಸಬಾರದು. 24 ಗಂಟೆ ಬಿಟ್ಟು ಕೆರೆದರೆ ಗೆರೆಯೇ ಇಲ್ಲ. ಏಕೆಂದರೆ ಅಲ್ಲಿ ತುಂಬಿರುವುದು ಅದೇ ಪ್ಲಾಸ್ಟಿಕ್.

ತಮಿಯಾ ಬೂದು ಟ್ಯೂಬು

32 ಗ್ರಾಂ ಟ್ಯೂಬು, ಪೆಟ್ಟಿಗೆಯ ಮೇಲೆ ‘ಬೇಸಿಕ್ ಟೈಪ್’ ಎಂದಿರುತ್ತದೆ. ಒಣಗುವ ಜಾತಿಯಲ್ಲಿ ಮೊದಲು ಕೊಳ್ಳಬೇಕಾದ್ದು ಇದೇ. ಇದರೊಳಗಿನ ಥಿನ್ನರ್ ಕಿಟ್ಟಿನ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನ್‌ನ ಮೇಲ್ಮೈಯನ್ನು ತುಸು ಕರಗಿಸಿ ಕಚ್ಚಿಕೊಳ್ಳುತ್ತದೆ, ಆದ್ದರಿಂದ ಅಂಚು ತೆಳ್ಳಗಾಗುವ ತನಕ ಉಜ್ಜಿದರೂ ಚಕ್ಕೆ ಏಳುವುದು ಕಡಿಮೆ. ಇದರ ಹೆಚ್ಚುಗಾರಿಕೆಯೂ ಅದೇ, ಅಪಾಯವೂ ಅದೇ. ತೆಳು ರೆಕ್ಕೆಯ ಹಿಂಬದಿ ಅಂಚಿನ ಮೇಲೆ ದಪ್ಪಗೆ ಹಾಕಿದರೆ ಪ್ಲಾಸ್ಟಿಕ್ ಮೆತ್ತಗಾಗಿ ಅಲೆಅಲೆಯಾಗುತ್ತದೆ. ಕ್ಯಾನೋಪಿಯ (ಪೈಲಟ್ ಕೂರುವಲ್ಲಿನ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳ) ಹತ್ತಿರ ಇದನ್ನು ತರಲೇಬಾರದು.

ಹಚ್ಚುವ ಕ್ರಮ ಹೀಗಿರಲಿ. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಮೇಲ್ಮೈ ತೊಳೆದು ಒರೆಸಿ. ಅಚ್ಚಿನ ಎಣ್ಣೆ, ಕೈಯ ಜಿಡ್ಡು ಹೋಗಬೇಕು. ಸಂದಿಯ ತುಟಿಗಳನ್ನು 400 ನಂಬರಿನ ಉಪ್ಪುಕಾಗದದಲ್ಲಿ ಒಂದೆರಡು ಸಲ ಗೀಚಿ. ಸಂದಿಯ ಎರಡೂ ಬದಿ 1 ಮಿ.ಮೀ. ಬಿಟ್ಟು ಮಾಸ್ಕಿಂಗ್ ಟೇಪ್ ಅಂಟಿಸಿ. ಪುಟ್ಟಿಯನ್ನು ಟ್ಯೂಬಿನಿಂದ ನೇರವಾಗಿ ಹಿಂಡಬೇಡಿ. ಹಳೆಯ ಎಟಿಎಂ ಕಾರ್ಡಿನ ಮೇಲೆ ಅವರೆಕಾಳಿನಷ್ಟು ತೆಗೆದುಕೊಂಡು, ಟೂತ್‌ಪಿಕ್ಕಿನ ಚಪ್ಪಟೆ ಮಾಡಿದ ತುದಿಯಿಂದ ಸಂದಿಯ ಒಳಕ್ಕೆ ಒತ್ತಿ. ಮೇಲೆ ಸವರುವುದಲ್ಲ, ಒಳಕ್ಕೆ ಒತ್ತುವುದು. ಗಾಳಿ ಸಿಕ್ಕಿಕೊಂಡರೆ ಉಜ್ಜುವಾಗ ಸೂಜಿಮೊನೆಯಂಥ ತೂತು ಬಾಯಿಬಿಡುತ್ತದೆ. ಆಮೇಲೆ ಕಾರ್ಡಿನ ಅಂಚಿನಿಂದ ಒಂದೇ ಎಳೆತ, ಪುಟ್ಟಿ ಹಸಿ ಇರುವಾಗಲೇ ಟೇಪ್ ಕಿತ್ತುಬಿಡಿ. ಒಣಗಿದ ಮೇಲೆ ಕಿತ್ತರೆ ಟೇಪಿನೊಂದಿಗೆ ಪುಟ್ಟಿಯ ಅಂಚೂ ಹರಿದು ಬರುತ್ತದೆ.

ಹತ್ತು ನಿಮಿಷಕ್ಕೆ ಮೇಲೆ ಕೆನೆ ಕಟ್ಟುತ್ತದೆ, ಕೈಗೆ ಅಂಟುವುದಿಲ್ಲ. ಮೋಸ ಹೋಗುವುದು ಇಲ್ಲೇ. ಒಳಗಿನ ಥಿನ್ನರ್ ಇನ್ನೂ ಹಸಿಯಾಗಿಯೇ ಇರುತ್ತದೆ. ಅರ್ಧ ಮಿಲಿಮೀಟರಿನ ಗೀರಿಗೆ ಐದಾರು ಗಂಟೆ ಸಾಕು, 1 ಮಿ.ಮೀ. ಆಳಕ್ಕೆ ಒಂದು ಹಗಲು ಒಂದು ರಾತ್ರಿ ಬೇಕು. ಅದಕ್ಕೂ ಆಳವಾದದ್ದಕ್ಕೆ ಎರಡು ಮೂರು ತೆಳು ಪದರ, ಪ್ರತಿ ಪದರಕ್ಕೂ ಅಷ್ಟೇ ಹೊತ್ತು. ಸಂಶಯವಿದ್ದರೆ ಮೂಸಿ ನೋಡಿ. ಥಿನ್ನರ್ ವಾಸನೆ ಬರುತ್ತಿದ್ದರೆ ಅದು ಒಣಗಿಲ್ಲ.

ಇದೇ ಪುಟ್ಟಿಯನ್ನು ಲ್ಯಾಕರ್ ಥಿನ್ನರಿನಲ್ಲಿ ತೆಳ್ಳನೆಯ ದೋಸೆ ಹಿಟ್ಟಿನ ಹದಕ್ಕೆ ಕದಡಿ ಬ್ರಷ್ಷಿನಲ್ಲೂ ಹಚ್ಚಬಹುದು. ಟ್ಯಾಂಕಿನ ಟರೆಟ್‌ಗೆ ಎರಕದ ಒರಟು ಮೈ ಬರಿಸುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ: ಹಚ್ಚಿ, ಅರೆ ಒಣಗಿದಾಗ ಗಡಸು ಬ್ರಷ್ಷಿನಿಂದ ಕುಟ್ಟಿ.

ಇದರ ಮುಖ್ಯ ಕೊರತೆ ಒಂದು. ಒಣಗಿದ ಮೇಲೆ ಪ್ಯಾನೆಲ್ ಗೆರೆ ಮತ್ತೆ ಕೊರೆಯಲು ಹೋದರೆ ಅಂಚು ಪುಡಿಪುಡಿಯಾಗಿ ಉದುರುತ್ತದೆ. ಗೆರೆ ಹಾಯ್ದುಹೋಗುವ ಜಾಗಕ್ಕೆ ಇದನ್ನು ಬಳಸಬೇಡಿ.

ಮಿಸ್ಟರ್ ಸರ್ಫೇಸರ್ 500

40 ಮಿ.ಲೀ. ಗಾಜಿನ ಬಾಟಲಿ, ಗಟ್ಟಿ ಮಜ್ಜಿಗೆಯಂಥ ದ್ರವ. ಪ್ರೈಮರ್ ಎಂದು ಹೆಸರು, ಆದರೆ 500 ನಂಬರಿನದು ಬ್ರಷ್ಷಿನಲ್ಲಿ ಹಚ್ಚುವ ಪುಟ್ಟಿ ಎಂದೇ ತಿಳಿಯಬೇಕು. 0.3 ಮಿ.ಮೀ. ಒಳಗಿನ ಗೀರು, ಅಚ್ಚಿನ ಪಿನ್ ಗುರುತು, ಉಪ್ಪುಕಾಗದದ ಗೆರೆ ಇವಕ್ಕೆ ಇದು ಅಚ್ಚುಕಟ್ಟು.

ಇದರ ನಿಜವಾದ ಬೆಲೆ ತಿಳಿಯುವುದು ಉಜ್ಜಲಾಗದ ಜಾಗದಲ್ಲಿ. ಸಂದಿಯ ಮೇಲೆ ಹಚ್ಚಿ, ಅರ್ಧ ಗಂಟೆ ಬಿಟ್ಟು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಹಿಂಡಿದ ಇಯರ್ ಬಡ್ಡಿನಿಂದ ಸಂದಿಗೆ ಅಡ್ಡಲಾಗಿ ಒರೆಸಿ. ಮೇಲಿನದೆಲ್ಲ ಬಂದುಬಿಡುತ್ತದೆ, ಸಂದಿಯೊಳಗಿನದು ಮಾತ್ರ ಉಳಿಯುತ್ತದೆ. ಪಕ್ಕದಲ್ಲಿರುವ ರಿವೆಟ್ ಒಂದೂ ಅಳಿಸುವುದಿಲ್ಲ. ಆಲ್ಕೊಹಾಲ್ ಪಾಲಿಸ್ಟೈರೀನನ್ನು ಕರಗಿಸುವುದಿಲ್ಲ ಎನ್ನುವುದೇ ಇದರ ಗುಟ್ಟು; ಅದರ ಬದಲಿಗೆ ಎನ್‌ಸಿ ಥಿನ್ನರ್ ಹಿಡಿದರೆ ಪುಟ್ಟಿಯ ಜೊತೆ ಪ್ಲಾಸ್ಟಿಕ್ ಮೈಯೂ ಕಲಸಿಹೋಗುತ್ತದೆ. ಸಂದಿಯ ಉದ್ದಕ್ಕೆ ಒರೆಸಿದರೆ ಬಡ್ಡಿನ ಹತ್ತಿ ಒಳಗಿಳಿದು ತುಂಬಿದ್ದನ್ನೂ ಎತ್ತಿಬಿಡುತ್ತದೆ, ಆದ್ದರಿಂದ ಅಡ್ಡಲಾಗಿಯೇ ಒರೆಸಬೇಕು. ಕುಗ್ಗುತ್ತದೆ, ಎರಡನೇ ಸಲ ಹಚ್ಚುವುದು ಇದ್ದದ್ದೇ.

ವಲೆಹೊ ಪ್ಲಾಸ್ಟಿಕ್ ಪುಟ್ಟಿ

20 ಮಿ.ಲೀ. ಟ್ಯೂಬು, ನೀರಿನದು, ವಾಸನೆ ಇಲ್ಲ. ಮಕ್ಕಳ ಜೊತೆ ಕೂತು ಕಟ್ಟುವ ಮನೆಗೆ ನಿರಾತಂಕ. ಕ್ಯಾನೋಪಿಯ ಬುಡಕ್ಕೆ, ರೆಕ್ಕೆಯ ಬುಡದ ಒಳಮೂಲೆಗೆ ಹಚ್ಚಿ, ಕೂಡಲೇ ಒದ್ದೆ ಬಡ್ಡಿನಿಂದ ಒರೆಸಿದರೆ ಕೆಲಸ ಮುಗಿಯಿತು. ಅಷ್ಟಕ್ಕೇ ನಿಲ್ಲಿಸಿ. ಇದು ಪ್ಲಾಸ್ಟಿಕ್ಕನ್ನು ಕಚ್ಚುವುದಿಲ್ಲ, ಮೇಲೆ ಕೂರುತ್ತದೆ ಅಷ್ಟೆ. ಉಜ್ಜಿದರೆ ಅಂಚು ಕಿತ್ತುಕೊಳ್ಳುತ್ತದೆ, ನೀರು ಹಾಕಿ ಉಜ್ಜಿದರಂತೂ ಮೆತ್ತಗಾಗುತ್ತದೆ, ಗೆರೆ ಕೊರೆಯುವುದು ಆಗದ ಮಾತು. ಜುಲೈ–ಆಗಸ್ಟಿನ ಮಳೆಗಾಲದಲ್ಲಿ ಗಾಳಿಯ ತೇವಕ್ಕೆ ಒಣಗುವುದೂ ನಿಧಾನ. ‘ವಲೆಹೊ ಕಳಪೆ’ ಎನ್ನುವವರು ಹೆಚ್ಚಿನಂಶ ಇದನ್ನು ಉಜ್ಜಲು ಹೋದವರು. ಅದು ಉಜ್ಜುವ ಪುಟ್ಟಿಯೇ ಅಲ್ಲ.

ಫೆವಿಕ್ವಿಕ್ ಮತ್ತು ಟಾಲ್ಕಂ ಪೌಡರ್

ನಮ್ಮ ಊರುಗಳಲ್ಲಿ ಕಿಟ್ ಕಟ್ಟುವವರಿಗೆ ಇದೇ ನಂಬರ್ ಒನ್ ಎಂದು ಸಂಕೋಚವಿಲ್ಲದೆ ಹೇಳಬಹುದು. ಮಂಡ್ಯದ ಪೇಟೆ ಬೀದಿಯಲ್ಲೂ ಸಿಗುತ್ತದೆ, ಹಳ್ಳಿಯ ಗೂಡಂಗಡಿಯಲ್ಲೂ ಸಿಗುತ್ತದೆ. ಕುಗ್ಗುವುದಿಲ್ಲ. ಕಾಯುವುದು ಗಂಟೆಗಟ್ಟಲೆಯಲ್ಲ, ನಿಮಿಷಗಟ್ಟಲೆ. ಗೆರೆ ಕೊರೆದರೆ ಪ್ಲಾಸ್ಟಿಕ್ಕಿನ ಹಾಗೆಯೇ ಕೊರೆಯುತ್ತದೆ.

ಕಾರ್ಡಿನ ಮೇಲೆ ನಾಲ್ಕು ಹನಿ ಫೆವಿಕ್ವಿಕ್, ಅದರ ಪಕ್ಕ ಸುಮಾರು ಅಷ್ಟೇ ಗಾತ್ರದ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್. ಟೂತ್‌ಪಿಕ್ಕಿನಲ್ಲಿ ಸ್ವಲ್ಪಸ್ವಲ್ಪವಾಗಿ ಪೌಡರ್ ಎಳೆದುಕೊಂಡು ಕಲಸಿ, ಟೂತ್‌ಪೇಸ್ಟಿನ ಹದಕ್ಕೆ ಬರಲಿ. ಕೈಯಲ್ಲಿ ಒಂದೆರಡು ನಿಮಿಷವಷ್ಟೇ ಇರುತ್ತದೆ, ಆದ್ದರಿಂದ ಒಮ್ಮೆಗೆ 3–4 ಸೆಂ.ಮೀ. ಸಂದಿಗೆ ಬೇಕಾದಷ್ಟು ಮಾತ್ರ. ಒತ್ತಿ ತುಂಬಿ, ಮೇಲಕ್ಕೆ ತುಸು ಉಬ್ಬಿರುವಂತೆ ಬಿಡಿ.

ಪೌಡರ್ ಏಕೆ ಬೇಕೆಂದರೆ, ಬರೀ ಫೆವಿಕ್ವಿಕ್ ಹೊತ್ತು ಕಳೆದಂತೆ ಪಾಲಿಸ್ಟೈರೀನಿಗಿಂತ ಗಟ್ಟಿಯಾಗುತ್ತದೆ. ಮರುದಿನ ಉಜ್ಜಲು ಕೂತರೆ ಮೆತ್ತನೆಯ ಪ್ಲಾಸ್ಟಿಕ್ ಎರಡು ಬದಿಯಲ್ಲೂ ಸವೆದು, ನಡುವೆ ಅಂಟು ದಿಣ್ಣೆಯಾಗಿ ನಿಲ್ಲುತ್ತದೆ. ಪೌಡರ್ ಸೇರಿದರೆ ಗಡಸು ಇಳಿಯುತ್ತದೆ. ಹಾಗಿದ್ದೂ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಉಜ್ಜಿ ಮುಗಿಸುವುದೇ ಸರಿ. ಒಣಗುವ ಪುಟ್ಟಿಗೆ ಕಾಯಬೇಕು, ಇದಕ್ಕೆ ಕಾಯಬಾರದು. ಎರಡನ್ನೂ ಅದಲುಬದಲು ಮಾಡಿಕೊಂಡರೆ ಎರಡೂ ಕೆಡುತ್ತವೆ.

ಪೌಡರಿನ ಬದಲು ಅಡುಗೆ ಸೋಡ ಹಾಕುವವರಿದ್ದಾರೆ. ಸೋಡ ಕ್ಷಾರ, ಈ ಅಂಟು ಕ್ಷಾರ ತಾಕಿದ ಕ್ಷಣವೇ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಕಲಸುವ ಮಾತೇ ಇಲ್ಲ, ಸಂದಿಗೆ ಸೋಡ ಉದುರಿಸಿ ಮೇಲೆ ಹನಿ ಬಿಡಬೇಕು. ಚುರ್ರೆಂದು ಬಿಸಿಯಾಗಿ, ಹೊಗೆ ಎದ್ದು, ಕಲ್ಲಿನಂತಾಗುತ್ತದೆ. ಒಳಬದಿಯ ಬಲಕ್ಕೆ, ಕಾಣದ ದೊಡ್ಡ ಸಂದಿಗೆ ಪರವಾಗಿಲ್ಲ. ಹೊರಮೈಗೆ ಬೇಡ, ಉಜ್ಜಿ ಸಾಕಾಗುತ್ತದೆ.

ಎರಡು ಎಚ್ಚರ. ಫೆವಿಕ್ವಿಕ್ಕಿನ ಆವಿ ಹತ್ತಿರದ ಪಾರದರ್ಶಕ ಭಾಗದ ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ. ಕ್ಯಾನೋಪಿ ಅಂಟಿಸುವ ಮೊದಲೇ ಈ ಕೆಲಸವೆಲ್ಲ ಮುಗಿದಿರಲಿ. ಎರಡನೆಯದು, ಹತ್ತಿ ಬಟ್ಟೆಗೆ ಈ ಅಂಟು ಹೆಚ್ಚಾಗಿ ಚೆಲ್ಲಿದರೆ ಬಟ್ಟೆ ಕೂಡಲೇ ಕಾದು ಚರ್ಮ ಸುಡುವಷ್ಟು ಬಿಸಿಯಾಗುತ್ತದೆ. ಪಂಚೆ, ಲುಂಗಿ ಉಟ್ಟು ತೊಡೆಯ ಮೇಲೆ ಇಟ್ಟುಕೊಂಡು ಕಟ್ಟುವ ಅಭ್ಯಾಸವಿದ್ದವರು ಮೇಜಿನ ಮುಂದೆ ಕೂರಿ.

ಮಿಲಿಪುಟ್, ಎಂ-ಸೀಲ್

ಎರಡೂ ಎಪಾಕ್ಸಿ, ಎರಡು ಕಡ್ಡಿಯನ್ನು ಸಮಸಮ ಕತ್ತರಿಸಿ ನಾದುವುದು. ಹೋಲಿಕೆ ಇಲ್ಲಿಗೆ ಮುಗಿಯುತ್ತದೆ.

ವೇಲ್ಸ್‌ನಲ್ಲಿ ತಯಾರಾಗುವ ಮಿಲಿಪುಟ್ 113.4 ಗ್ರಾಂ ಪ್ಯಾಕಿನಲ್ಲಿ ಬರುತ್ತದೆ. ಮಾಡೆಲ್‌ಗೆ ‘ಸೂಪರ್‌ಫೈನ್ ವೈಟ್’ ತರಿಸಿ, ಹಳದಿ-ಬೂದಿನ ಸ್ಟ್ಯಾಂಡರ್ಡ್ ಅದಕ್ಕಿಂತ ತುಸು ಒರಟು. ಕಡೇಪಕ್ಷ ಐದು ನಿಮಿಷ ನಾದಬೇಕು. ಎರಡು ಬಣ್ಣದ ಗೆರೆ ಒಂದೂ ಕಾಣದೆ, ಗಂಟಿಲ್ಲದ ಮುದ್ದೆಯ ಹಾಗೆ ಒಂದೇ ಮೈ ಆಗಬೇಕು. ಗೆರೆ ಉಳಿದಲ್ಲಿ ಅದು ಎಂದಿಗೂ ಗಟ್ಟಿಯಾಗದೆ ಜಿಗುಟಾಗಿಯೇ ಇರುತ್ತದೆ. ಒಂದು ಗಂಟೆಯಷ್ಟು ಹೊತ್ತು ಕೈಗೆ ಬಗ್ಗುತ್ತದೆ, ಮೂರು ನಾಲ್ಕು ಗಂಟೆಗೆ ಸೆಟ್ ಆಗುತ್ತದೆ. ಇದರ ದೊಡ್ಡ ಗುಣವೆಂದರೆ ನೀರು. ನೂಲಿನಂತೆ ಹೊಸೆದು ರೆಕ್ಕೆಯ ಬುಡದಲ್ಲಿ ಮಲಗಿಸಿ, ಒದ್ದೆ ಬೆರಳಿನಿಂದಲೋ ಒದ್ದೆ ಬ್ರಷ್ಷಿನಿಂದಲೋ ಸವರಿದರೆ ಅಂಚು ಕರಗಿದಂತೆ ಪ್ಲಾಸ್ಟಿಕ್ಕಿಗೆ ಬೆರೆಯುತ್ತದೆ. ಹೀಗೆ ನೀರಿನಿಂದಲೇ ಮುಗಿಸಿದವರಿಗೆ ಮರುದಿನ ಉಜ್ಜುವ ಕೆಲಸ ಹೆಚ್ಚುಕಡಿಮೆ ಉಳಿಯುವುದೇ ಇಲ್ಲ. 1 ಮಿ.ಮೀ.ಗಿಂತ ದೊಡ್ಡ ಸಂದಿಗೆ, ಮೂಲೆಯ ತಿರುವು ತಿದ್ದುವುದಕ್ಕೆ ಇದನ್ನು ಮೀರಿಸುವುದು ಇಲ್ಲ. ಪ್ಯಾಕ್ ದೊಡ್ಡದು, ಒಂದು ಕಿಟ್ಟಿಗೆ ಬೇಕಾಗುವುದು ಕಡಲೆಕಾಯಿ ಬೀಜದಷ್ಟು, ವರ್ಷಗಟ್ಟಲೆ ಬರುತ್ತದೆ.

ಎಂ-ಸೀಲ್ ಪೈಪಿನ ಸೋರಿಕೆಗೆ ಮಾಡಿದ್ದು. ಆ ಕೆಲಸಕ್ಕೆ ಒಳ್ಳೆಯದು. ಇಲ್ಲಿ ಅದರ ಕಣ ದಪ್ಪ, ಪ್ಲಾಸ್ಟಿಕ್ ಮೇಲೆ ಅಂಚು ತೆಳ್ಳಗೆ ಬರುವುದಿಲ್ಲ, ಬಂದರೂ ಚಕ್ಕೆ ಏಳುತ್ತದೆ. ಹೊರಮೈಗೆ ಬೇಡ. ಆದರೆ ಮೂಗಿನ ಕೆಳಗೆ ಗಾಲಿ ಇರುವ ವಿಮಾನ ಬಾಲದ ಮೇಲೆ ಕೂರದಿರಲು ಮೂಗಿನೊಳಗೆ ತೂಕ ಇಡಬೇಕಲ್ಲ, ಅದಕ್ಕೆ ಎಂ-ಸೀಲೇ ಸರಿ. ಮೀನು ಗಾಳದ ಸೀಸದ ಗುಂಡು ಅದರಲ್ಲಿ ಒತ್ತಿ ಮೂಗಿನೊಳಗೆ ಕೂರಿಸಿ. ಆ ಸೀಸವನ್ನು ಫೆವಿಕಾಲಿನಂಥ ಬಿಳಿ ಅಂಟಿನಲ್ಲಿ ಮಾತ್ರ ಕೂರಿಸಬೇಡಿ. ಬಿಳಿ ಅಂಟಿನ ಆಮ್ಲದ ಅಂಶಕ್ಕೆ ಸೀಸ ನಿಧಾನವಾಗಿ ಬಿಳಿ ಪುಡಿಯಾಗಿ ಉಬ್ಬುತ್ತದೆ, ತಿಂಗಳುಗಳ ನಂತರ ಮೂಗಿನ ಕೂಡುಗೆರೆ ಒಳಗಿನಿಂದಲೇ ಬಿರಿಯುತ್ತದೆ.

ಗ್ಯಾರೇಜಿನ ಪುಟ್ಟಿಗಳು

ಕಾರು ಟಿಂಕರಿಂಗ್ ಮಾಡುವವರು ಬಳಸುವ ಎನ್‌ಸಿ ಪುಟ್ಟಿ ಅಗ್ಗ, ನುಣುಪು, ಉಜ್ಜಲು ಹಗುರ. ಲೋಹದ ಮೇಲಿನ ತೆಳು ಗೀರಿಗೆಂದು ಮಾಡಿದ್ದು. ಇದರ ಥಿನ್ನರ್ ತಮಿಯಾದ್ದಕ್ಕಿಂತ ಖಾರ. ಎಳ್ಳಷ್ಟು ದಪ್ಪ ಹಾಕಿದರೂ ಪಾಲಿಸ್ಟೈರೀನ್ ಮೈ ಬೇಯಿಸಿದಂತಾಗುತ್ತದೆ. ಬಳಸಲೇಬೇಕಿದ್ದರೆ ಸ್ಪ್ರೂ ಚೂರಿನ ಮೇಲೆ ಒಂದು ರಾತ್ರಿ ಹಚ್ಚಿಟ್ಟು, ಬೆಳಿಗ್ಗೆ ಕೆರೆದು ಕೆಳಗಿನ ಮೈ ನೋಡಿ ನಿರ್ಧರಿಸಿ.

ಹಾರ್ಡನರ್ ಜೊತೆ ಬರುವ ಪಾಲಿಯೆಸ್ಟರ್ ಬಾಡಿ ಪುಟ್ಟಿ ಬೇರೆಯೇ ವರ್ಗ. ಅದರೊಳಗಿನ ಸ್ಟೈರೀನ್ ನಮ್ಮ ಪ್ಲಾಸ್ಟಿಕ್ಕಿನ ಸಂಬಂಧಿ, ಹಾಗಾಗಿ ಗಟ್ಟಿಯಾಗಿ ಕಚ್ಚುತ್ತದೆ, ಕುಗ್ಗುವುದು ಬಹಳ ಕಡಿಮೆ, ಅರ್ಧ ಗಂಟೆಗೆ ಉಜ್ಜಬಹುದು. ದೊಡ್ಡ ಕೆಲಸಕ್ಕೆ, ಒಂದು ಕಿಟ್ಟಿನ ಮೂಗು ಬದಲಿಸಿ ಇನ್ನೊಂದು ಮಾದರಿ ಮಾಡುವಂಥದ್ದಕ್ಕೆ, ಇದೇ ಬೇಕು. ತೊಂದರೆ ಇರುವುದು ಅಳತೆಯಲ್ಲಿ. 100 ಗ್ರಾಂ ಪುಟ್ಟಿಗೆ ಸುಮಾರು 2 ಗ್ರಾಂ ಹಾರ್ಡನರ್. ನಮಗೆ ಬೇಕಾದ್ದು 5 ಗ್ರಾಂ ಪುಟ್ಟಿ, ಅಂದರೆ ಹಾರ್ಡನರ್ 0.1 ಗ್ರಾಂ. ಸಾಸಿವೆ ಕಾಳಿನ ಲೆಕ್ಕದ ಕೆಲಸ. ‘ಬೇಗ ಗಟ್ಟಿಯಾಗಲಿ’ ಎಂದು ಹೆಚ್ಚು ಹಾಕಿದರೆ ಬೇಗ ಆಗುವುದೇನೋ ನಿಜ, ಆದರೆ ಉಳಿದ ಹಾರ್ಡನರ್ ಮೇಲಿನ ಬಣ್ಣಕ್ಕೆ ಹಳದಿ ಕಲೆಯಾಗಿ ಇಳಿಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕಲಸಿದ್ದು ಕೈಯಲ್ಲೇ ಕಟ್ಟಿಕೊಳ್ಳುತ್ತದೆ, ಬೆಳಗಿನ ತಂಪಿನಲ್ಲಿ ಮಾಡಿ. ಬಿರುಸಾಗಿ ಕಲಸಿದರೆ ಗಾಳಿ ಸೇರಿ ತೂತು ಬೀಳುತ್ತದೆ. ಕಾರ್ಡಿನ ಮೇಲೆ ಒತ್ತಿ ಮಡಿಸುತ್ತ ಕಲಸಿ. ಕಿಟಕಿ ತೆರೆದಿರಲಿ, ಒಣದಾಗಿ ಉಜ್ಜುವಾಗ ಮಾಸ್ಕ್ ಇರಲಿ.

ಕಾಸಿಲ್ಲದ ಪುಟ್ಟಿಯೂ ಒಂದಿದೆ. ಅದೇ ಕಿಟ್ಟಿನ ಸ್ಪ್ರೂ ಚೂರುಗಳನ್ನು ಅರ್ಧ ಖಾಲಿಯಾದ ತೆಳು ಸಿಮೆಂಟ್ ಬಾಟಲಿಗೆ ಹಾಕಿ ರಾತ್ರಿ ಬಿಟ್ಟರೆ ಜೇನಿನಂಥ ಗಂಜಿ. ತುಂಬಿದ ಮೇಲೆ ಅದು ಪ್ಲಾಸ್ಟಿಕ್ಕೇ: ಉಜ್ಜಲು, ಕೊರೆಯಲು, ಬಣ್ಣ ಹೀರಲು ಒಂದೇ ಸಮ. ಆದರೆ ಪೂರ್ತಿ ಗಟ್ಟಿಯಾಗಲು ದಿನಗಳೇ ಬೇಕು. ಒಮ್ಮೊಮ್ಮೆ ವಾರವೂ ಹಿಡಿಯುತ್ತದೆ. ಆತುರಗಾರರಿಗೆ ಹೇಳಿದ್ದಲ್ಲ.

ಉಜ್ಜುವುದು, ಮತ್ತು ಮರಳಿ ಬರುವ ಗೆರೆ

ಹಾರ್ಡ್‌ವೇರ್ ಅಂಗಡಿಯ ಕಪ್ಪು ವಾಟರ್ ಪೇಪರ್ ಸಾಕು: 400, 600, 1000, ಬೆಳ್ಳಿ ಬಣ್ಣಕ್ಕಾದರೆ 1500, 2000. ಬೆರಳಿನಿಂದ ಒತ್ತಿ ಉಜ್ಜಬೇಡಿ. ಬೆರಳು ಮೆತ್ತಗೆ, ಪುಟ್ಟಿಯೂ ಮೆತ್ತಗೆ, ನಡುವೆ ಗುಳಿ ಬೀಳುತ್ತದೆ. ಐಸ್‌ಕ್ರೀಂ ಕಡ್ಡಿಗೆ ಪೇಪರ್ ಅಂಟಿಸಿ ಸಂದಿಗೆ ಅಡ್ಡಲಾಗಿ ಉಜ್ಜಿ. ದುಂಡು ಮೈಗೆ ಮಾತ್ರ ಪೆನ್ಸಿಲ್ ರಬ್ಬರಿನ ಮೇಲೆ ಸುತ್ತಿಕೊಳ್ಳಿ. ಹತ್ತಿರದ ರಿವೆಟ್ಟುಗಳ ಮೇಲೆ ಎರಡು ಪದರ ಟೇಪ್ ಇರಲಿ. ವಲೆಹೊ ಬಿಟ್ಟು ಉಳಿದವಕ್ಕೆಲ್ಲ ನೀರು ಹಾಕಿ ಉಜ್ಜಬಹುದು. ಪುಡಿ ಹಾರುವುದಿಲ್ಲ, ಪೇಪರ್ ಕಟ್ಟಿಕೊಳ್ಳುವುದಿಲ್ಲ.

ಪುಟ್ಟಿಯ ಬಣ್ಣ ಬೇರೆ, ಪ್ಲಾಸ್ಟಿಕ್ಕಿನ ಬಣ್ಣ ಬೇರೆ ಇರುವುದರಿಂದ ಕಣ್ಣು ಮೋಸ ಹೋಗುತ್ತದೆ. ಉಗುರನ್ನು ಸಂದಿಗೆ ಅಡ್ಡಲಾಗಿ ನಿಧಾನ ಎಳೆಯಿರಿ; ಕಾಣದ್ದು ಉಗುರಿಗೆ ಸಿಗುತ್ತದೆ. ಆಮೇಲೆ ಬೂದು ಪ್ರೈಮರಿನ ಒಂದು ತೆಳು ಪದರ. ಆಗ ಗುಳಿ, ತೂತು, ಗೆರೆ ಎಲ್ಲ ಎದ್ದು ನಿಲ್ಲುತ್ತವೆ. ಎರಡನೇ ಸಲ ಪುಟ್ಟಿ, ಮೂರನೇ ಸಲ ಪ್ರೈಮರ್ ಆಗುವುದು ಕೆಲಸ ಕೆಟ್ಟ ಲಕ್ಷಣವಲ್ಲ, ಅದೇ ಕೆಲಸ.

ಹಸಿರು, ಖಾಕಿಯಂಥ ಮಂಕು ಬಣ್ಣ ಸಣ್ಣ ತಪ್ಪನ್ನು ಮರೆಸುತ್ತದೆ. ಮಿಗ್-21ನ್ನೋ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ನ್ಯಾಟನ್ನೋ ಬರಿಯ ಲೋಹದ ಹೊಳಪಿನಲ್ಲಿ ಕಟ್ಟುವವರಿಗೆ ಆ ರಿಯಾಯಿತಿ ಇಲ್ಲ. ಒಣಗಿದ ಪುಟ್ಟಿ ಸಣ್ಣ ರಂಧ್ರಗಳ ಪದಾರ್ಥ, ಬಣ್ಣವನ್ನು ಹೆಚ್ಚು ಹೀರುತ್ತದೆ. ಬೆಳ್ಳಿಯ ಮೇಲೆ ಅಲ್ಲೊಂದು ಮಂಕು ಪಟ್ಟೆ ಕಂಡೇ ಕಾಣುತ್ತದೆ. ಇಂಥ ಕಿಟ್ಟಿಗೆ ಬೂದು ಟ್ಯೂಬು ಬದಿಗಿಟ್ಟು ಫೆವಿಕ್ವಿಕ್–ಪೌಡರನ್ನೇ ಬಳಸಿ, 2000ದ ತನಕ ಉಜ್ಜಿ, ಮೇಲೆ ಹೊಳಪಿನ ಕಪ್ಪು ಬಣ್ಣ ಹೊಡೆದು ಆಮೇಲೆ ಬೆಳ್ಳಿ. ಪ್ಯಾನೆಲ್ ಗೆರೆ ಅಳಿಸಿದ್ದರೆ, ದಪ್ಪ ಲೇಬಲ್ ಟೇಪನ್ನು ಅಳತೆಗೋಲಿನಂತೆ ಅಂಟಿಸಿ, ಸೂಜಿಯನ್ನು ಭಾರ ಹಾಕದೆ ಐದಾರು ಸಲ ಎಳೆಯಿರಿ. ಮೊದಲ ಎಳೆತಕ್ಕೇ ಆಳ ಬರಲೆಂದು ಒತ್ತಿದರೆ ಸೂಜಿ ಜಾರಿ ಪಕ್ಕದಲ್ಲಿ ಗೀರು ಬೀಳುತ್ತದೆ.

ಕೊಳ್ಳುವುದು, ಇಟ್ಟುಕೊಳ್ಳುವುದು

ಹೊಸದಾಗಿ ಶುರು ಮಾಡುವವರು ಒಂದು ತಮಿಯಾ ಬೂದು ಟ್ಯೂಬು, ಒಂದು ಮಿಸ್ಟರ್ ಸರ್ಫೇಸರ್ 500 ಆನ್‌ಲೈನ್ ತರಿಸಿಕೊಂಡು, ಫೆವಿಕ್ವಿಕ್, ಪೌಡರ್, ವಾಟರ್ ಪೇಪರ್, ಮಾಸ್ಕಿಂಗ್ ಟೇಪನ್ನು ಊರಿನಲ್ಲೇ ಕೊಂಡರೆ ಹತ್ತು ಕಿಟ್ಟಿಗೆ ಯೋಚನೆ ಇಲ್ಲ. ಎರಡನೇ ಸುತ್ತಿನಲ್ಲಿ ಮಿಲಿಪುಟ್. ವಲೆಹೊ ಬೇಕೇ ಬೇಕೆಂದಿಲ್ಲ. ಬಾಡಿ ಪುಟ್ಟಿ ದೊಡ್ಡ ಡಬ್ಬಿಯಾಗಿ ಸಿಗುವುದರಿಂದ ನಾಲ್ಕು ಜನ ಸೇರಿ ಕೊಂಡು ಹಂಚಿಕೊಳ್ಳುವುದು ಲೇಸು.

ತಮಿಯಾ ಟ್ಯೂಬಿನ ಬಾಯಿ ಪ್ರತಿ ಸಲ ಒರೆಸಿ ಮುಚ್ಚಿ. ತಿರುಪಿನ ಎಳೆಗಳಲ್ಲಿ ಪುಟ್ಟಿ ಒಣಗಿದರೆ ಮುಚ್ಚಳ ಬಿಗಿಯಾಗಿ ಕೂರದೆ ಥಿನ್ನರ್ ಸೋರಿ, ಬೇಸಿಗೆ ಮುಗಿಯುವಷ್ಟರಲ್ಲಿ ಟ್ಯೂಬು ಕಲ್ಲಾಗಿರುತ್ತದೆ. ಗಟ್ಟಿಯಾಗತೊಡಗಿದ್ದರೆ, ಬೇಕಾದಷ್ಟನ್ನು ಕಾರ್ಡಿನ ಮೇಲೆ ತೆಗೆದು ಒಂದು ಹನಿ ಲ್ಯಾಕರ್ ಥಿನ್ನರ್ ಸೇರಿಸಿ ಕಲಸಿ. ತೆರೆಯದ ಫೆವಿಕ್ವಿಕ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ, ಚಪ್ಪಲಿ ಪೆಟ್ಟಿಗೆಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಫ್ರಿಜ್ಜಿನಲ್ಲಿ ಇಡಬಹುದು. ತೆಗೆದ ಕೂಡಲೇ ಬಾಯಿ ಕತ್ತರಿಸಬೇಡಿ. ತಣ್ಣಗಿನ ಟ್ಯೂಬಿನ ಮೇಲೆ ತೇವ ಕೂರುತ್ತದೆ, ಆ ತೇವಕ್ಕೇ ಅಂಟು ಬಾಯಲ್ಲೇ ಕಟ್ಟಿಕೊಳ್ಳುತ್ತದೆ. ಅರ್ಧ ಗಂಟೆ ಹೊರಗಿಟ್ಟು, ಒರೆಸಿ, ಆಮೇಲೆ ತೆರೆಯಿರಿ.